ಓದುಗರ ಪ್ರಶ್ನೆ: ಹೆದ್ದಾರಿ ಸದ್ದಿಗೆ ಗೋಡೆ ಅಡ್ಡವಾದೀತೆ?

ಪ್ರಶ್ನೆ: ಸುಂಟಿಕೊಪ್ಪದ ಬಳಿ ಹೆದ್ದಾರಿ 275ರ ಪಕ್ಕದಲ್ಲೇ ನಮ್ಮ ಮನೆ. ಸದ್ದು ತಡೆಯಲೆಂದು ರಸ್ತೆ ಬದಿಗೆ 20 ಮೀಟರ್ ಉದ್ದ, ಆರಡಿ ಎತ್ತರದ ಕಾಂಪೌಂಡು ಕಟ್ಟಿಸಿದೆವು. ಮನೆ ಅದರಿಂದ 8 ಮೀಟರ್ ಹಿಂದಿದೆ. ಕೆಳಗಿನ ಕೋಣೆಗಳಲ್ಲಿ ತುಸು ವಾಸಿ, ಮಾಳಿಗೆಯಲ್ಲಿ ಮಾತ್ರ ಏನೂ ವ್ಯತ್ಯಾಸವಿಲ್ಲ. ಇನ್ನೆರಡು ಅಡಿ ಏರಿಸಬಹುದೆ?

ಉತ್ತರ: ಸದ್ಯಕ್ಕೆ ಬೇಡ. ಮಾಳಿಗೆಯ ಹಾಸಿಗೆ ಮೇಲೆ ಕೂತು ಕಿಟಕಿಯಿಂದ ನೋಡಿ. ಲಾರಿಯ ಟಯರು, ಎಂಜಿನ್ನು ಕಾಣುತ್ತಿದ್ದರೆ ಅದರ ಸದ್ದಿಗೆ ಗೋಡೆ ಇದ್ದೂ ಇಲ್ಲದಂತೆ. ನೋಟ ಕತ್ತರಿಸುವಷ್ಟು ಎತ್ತರಕ್ಕೆ ಬಂದ ಮೇಲೆ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಮೀಟರಿಗೆ ಒಂದೂವರೆ ಡೆಸಿಬಲ್ ಸಿಕ್ಕರೆ ಹೆಚ್ಚು. ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸಲು 10 ಡೆಸಿಬಲ್ ಇಳಿಯಬೇಕು.

ನಿಮ್ಮ ಲೆಕ್ಕಕ್ಕೇ ಬರೋಣ. ಮಾಳಿಗೆಯಲ್ಲಿ ಕಿವಿ ನೆಲದಿಂದ ನಾಲ್ಕೂವರೆ ಮೀಟರ್ ಮೇಲಿದೆ, ಆಚೆ ಬದಿಯ ವಾಹನ ಗೋಡೆಯಿಂದ 8 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಅರ್ಧ ಮೀಟರ್ ಎತ್ತರದ ಟಯರ್ ಸದ್ದಿನಿಂದ ಕಿವಿಗೆ ಎಳೆದ ನೇರ ಗೆರೆ ನಿಮ್ಮ ಗೋಡೆ ಇರುವಲ್ಲಿ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿ ಹಾಯುತ್ತದೆ. ಎಂಟಡಿ ಗೋಡೆ ಅದನ್ನೂ ಮುಟ್ಟುವುದಿಲ್ಲ. ಹತ್ತಡಿಗೆ ಏರಿಸಬೇಕಾದರೆ ಈಗಿನ ಪಾಯ ಸಾಲದು. ಗಾಳಿಯ ಒತ್ತಡ ತಡೆಯಲು ಹತ್ತಡಿಗೊಂದು ಆರ್‌ಸಿಸಿ ಕಂಬ, ಗಟ್ಟಿ ಮಣ್ಣು ಸಿಗುವವರೆಗೆ ಪಾಯ, ಮೇಲೆ ಬೀಮು ಎಲ್ಲಾ ಬೇಕು. ಅಷ್ಟು ದುಡ್ಡು ಮಾಳಿಗೆಯ ಕಿಟಕಿಗೆ ಹಾಕಿದರೆ ಲಾಭ ಹೆಚ್ಚು. ಜಾರುವ ಅಲ್ಯೂಮಿನಿಯಂ ಕಿಟಕಿಯ ಸಂದಿಯಲ್ಲೇ ಸದ್ದು ಒಳಬರುತ್ತದೆ. ಕೀಲಿನ ಬಾಗಿಲು, ಸುತ್ತ ರಬ್ಬರ್ ಪಟ್ಟಿ, ಲ್ಯಾಮಿನೇಟೆಡ್ ಗಾಜು (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಜೋಡಿ ಗಾಜು) ಹಾಕಿಸಿ. ಇರುವ ಕಿಟಕಿಯ ಒಳಗೆ 10 ಸೆಂಟಿಮೀಟರ್ ಬಿಟ್ಟು ಇನ್ನೊಂದು ಕಿಟಕಿ ಕೂರಿಸಿದರೂ ಆದೀತು. ಹಂಚಿನ ಮಾಡಾದರೆ ಗೋಡೆಯ ತಲೆಗೂ ಹಂಚಿಗೂ ನಡುವಿನ ಸಂದಿ ಮುಚ್ಚದೆ ಗಾಜಿಗೆ ಖರ್ಚು ಮಾಡಬೇಡಿ. ರಸ್ತೆಗೆ ಬೆನ್ನಾದ ಬದಿಯಲ್ಲಿ ಗಾಳಿಕಿಂಡಿ ಇರಲಿ, ಇಲ್ಲವಾದರೆ ನಮ್ಮ ಮಳೆಗಾಲದಲ್ಲಿ ಬಟ್ಟೆಬರೆಗೆಲ್ಲ ಬೂಷ್ಟು ಹಿಡಿಯುತ್ತದೆ.

ಕೆಳಗಿನ ಕೋಣೆಯದು ಬೇರೆ ಕಥೆ. ಅಲ್ಲಿ ಎತ್ತರ ಸಾಕು, ಉದ್ದ ಸಾಲದು. 8 ಮೀಟರ್ ದೂರದಿಂದ ನೋಡಿದರೆ 20 ಮೀಟರ್ ಗೋಡೆ ರಸ್ತೆಯ 180 ಡಿಗ್ರಿ ನೋಟದಲ್ಲಿ ಸುಮಾರು 103 ಡಿಗ್ರಿಯನ್ನಷ್ಟೇ ಮರೆಮಾಡುತ್ತದೆ. ಉಳಿದ ಕಡೆಯಿಂದ ಸದ್ದು ಸರಾಗವಾಗಿ ಬರುವುದರಿಂದ, ಆಕಾಶದೆತ್ತರ ಕಟ್ಟಿದರೂ 4 ಡೆಸಿಬಲ್‌ಗಿಂತ ಹೆಚ್ಚು ಇಳಿಯದು. ಗೋಡೆ ಎರಡೂ ಬದಿಗೆ ಮನೆ ದೂರದ ನಾಲ್ಕು ಪಟ್ಟು ಚಾಚಬೇಕೆಂಬುದು ವಾಡಿಕೆಯ ಲೆಕ್ಕ. ನಿಮ್ಮಲ್ಲಿ ಅದು ಒಂದೊಂದು ಬದಿಗೆ 32 ಮೀಟರ್. ಪಕ್ಕದವರ ಜಾಗ ನಿಮ್ಮದಲ್ಲವಲ್ಲ! ಆದ್ದರಿಂದ ಗೋಡೆಯನ್ನು ಎರಡೂ ಪಕ್ಕದಲ್ಲಿ ಮನೆಯ ಮುಂಗೋಡೆಯ ಸಾಲಿನವರೆಗೆ ಹಿಂದಕ್ಕೆ ತಿರುಗಿಸಿ.

ಗೇಟನ್ನೂ ನೋಡಿ. ಸರಳಿನ ಗೇಟು ಎಂದರೆ ಗೋಡೆಯಲ್ಲಿ ದೊಡ್ಡ ತೂತು. 1.6 ಮಿಲಿಮೀಟರ್ ಕಬ್ಬಿಣದ ಶೀಟು ಹೊದಿಸಿ ಅಡಿಗೆ ರಬ್ಬರ್ ಕಟ್ಟಿಸಿ. ಚದರ ಮೀಟರಿಗೆ 10 ಕೆಜಿಯಾದರೂ ತೂಕವಿಲ್ಲದ ತಡೆಯೊಳಗಿಂದ ಸದ್ದು ಹಾದುಬರುತ್ತದೆ. ಮಾಡಿಗೆ ಹೊದಿಸುವ ಅರ್ಧ ಮಿಲಿಮೀಟರ್ ಶೀಟು 4 ಕೆಜಿ ಕೂಡ ಇಲ್ಲ. ಆರಿಂಚಿನ ಸಾಲಿಡ್ ಬ್ಲಾಕಿನ ತೂಕ ಧಾರಾಳ, ಆದರೆ ಗಾರೆ ತುಂಬದ ಸಂದುಗಳಿದ್ದರೆ ಎರಡೂ ಬದಿ ಪ್ಲಾಸ್ಟರ್ ಮಾಡಿಸಲೇಬೇಕು. ಮಳೆನೀರಿಗೆಂದು ಬುಡದಲ್ಲಿ ಉದ್ದಕ್ಕೂ ಕಿಂಡಿ ಬಿಡಬೇಡಿ. ಒಳಬದಿಗೆ ಚರಂಡಿ ತೆಗೆದು ನೀರನ್ನು ಒಂದೇ ಕಡೆ ಪೈಪಿನಲ್ಲಿ ಹೊರಬಿಡಿ. ಗೋಡೆಯ ಹಿಂದೆ ನೀರು ನಿಂತರೆ ಜುಲೈಯಲ್ಲಿ ಗೋಡೆಯೇ ವಾಲೀತು.

ಪ್ರಶ್ನೆ: ಸಂಪಾಜೆ ಇಳಿಜಾರಿನಲ್ಲಿ ರಸ್ತೆಗಿಂತ ಮೇಲೆ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ನೆತ್ತಿಯಲ್ಲಿ ನಮ್ಮ ಮನೆ. ರಾತ್ರಿ ಲಾರಿಗಳ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವ ಬ್ರೇಕು) ಸದ್ದಿಗೆ ನಿದ್ದೆಯಿಲ್ಲ. ಬರೆಯ ಬುಡದಲ್ಲಿ ಗೋಡೆ ಕಟ್ಟಿದರೆ?

ಉತ್ತರ: ಅಲ್ಲಿ ಕಟ್ಟಿದ ಗೋಡೆಯ ಮೇಲಿಂದ ನಿಮಗೆ ರಸ್ತೆ ಕಾಣುತ್ತಲೇ ಇರುತ್ತದೆ, ದುಡ್ಡು ದಂಡ. ಅದಕ್ಕಾಗಿ ಬರೆಯ ಬುಡ ಕಡಿಯುವುದಂತೂ ಬೇಡವೇ ಬೇಡ. ಜೋಡುಪಾಲದ ಕಡೆ 2018ರ ಆಗಸ್ಟಿನಲ್ಲಿ ಆದ ಭೂಕುಸಿತವನ್ನು ನಿಮಗೆ ನೆನಪಿಸಬೇಕಿಲ್ಲ. ಅಂಗಳದ ಅಂಚಿನಲ್ಲಿ ನಾಲ್ಕಡಿ ಗಟ್ಟಿಗೋಡೆ ಸಾಕಾಗಬಹುದು, ಏಕೆಂದರೆ ಅಂಚೇ ಅರ್ಧ ನೋಟ ತಡೆದಿರುತ್ತದೆ. ಮೊದಲು ಅಲ್ಲಿ ಉದ್ದದ ಗಳ ನಿಲ್ಲಿಸಿ, ಕೋಣೆಯಿಂದ ನೋಡಿ ಎತ್ತರ ಗುರುತಿಸಿ. ಅಂಚಿಗೆ ಭಾರ ಹಾಕಬಹುದೇ ಎಂದು ಎಂಜಿನಿಯರಿಂದ ಮಣ್ಣು ನೋಡಿಸಿಯೇ ಮುಂದುವರಿಯಿರಿ. ಮಣ್ಣು ಸಡಿಲವಾಗಿದ್ದರೆ ಗೋಡೆಯ ಆಸೆ ಬಿಟ್ಟು, ಮಲಗುವ ಕೋಣೆಯನ್ನೇ ಹಿಂಬದಿಗೆ ಬದಲಾಯಿಸುವುದು ಲೇಸು.

ಪ್ರಶ್ನೆ: ಗೋಡೆ ಬದಲು ಸಿಲ್ವರ್ ಓಕ್ ಸಾಲು ನೆಟ್ಟರೆ?

ಉತ್ತರ: ಕಣ್ಣಿಗೆ ತಂಪು, ಅಷ್ಟೆ. ಸದ್ದು ಓಡಾಡುವ ಎತ್ತರದಲ್ಲಿ ಆ ಮರಕ್ಕೆ ಬರೀ ಕಾಂಡ, ಮೆಣಸಿನ ಬಳ್ಳಿ ಹಬ್ಬಿಸಿದರೂ ಹೆಚ್ಚೇನಾಗದು. ಬುಡದಿಂದ ತುದಿಯವರೆಗೆ ಆಚೆ ಕಾಣದಷ್ಟು ದಟ್ಟವಾದ ಹಸಿರು 30 ಮೀಟರ್ ಅಗಲ ಇದ್ದರೆ 5 ಡೆಸಿಬಲ್ ಇಳಿದೀತು.

ಪ್ರಶ್ನೆ: ರಾತ್ರಿ ಹಾರನ್‌ಗೆ ಕಾನೂನು ಏನಾದರೂ ಇದೆಯೇ?

ಉತ್ತರ: ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ವಸತಿ ಪ್ರದೇಶದಲ್ಲಿ ರಾತ್ರಿ ತುರ್ತಿಲ್ಲದೆ ಹಾರನ್ ಹೊಡೆಯುವಂತಿಲ್ಲ. ಮಿತಿಗಿಂತ 10 ಡೆಸಿಬಲ್ ಮೀರಿದರೆ ದೂರು ಕೊಡಬಹುದು. ಫೋನಿನ ಆ್ಯಪ್ ತೋರಿಸುವ ಅಂಕಿ ಅಂದಾಜಿಗೆ ಸರಿ, ಪುರಾವೆಗೆ ನಿಲ್ಲದು. ದಿನಾಂಕ, ಗಂಟೆ, ವಾಹನ ಸಂಖ್ಯೆ ಬರೆದಿಟ್ಟುಕೊಂಡು ಊರಿನವರೆಲ್ಲ ಸೇರಿ ಅರ್ಜಿ ಕೊಡಿ, ಅಳತೆ ಮಾಡಿಸುವಂತೆ ಅದರಲ್ಲೇ ಕೇಳಿ.