ಪಾಠದ ಹೊರೆಯ ನಡುವೆ ಭೌತಶಾಸ್ತ್ರದ ಪ್ರಾಧ್ಯಾಪಕರಿಗೆ ಸಂಶೋಧನೆ ಸಾಧ್ಯವೇ?

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗುವ ದಾರಿ ಯಾವುದು, ಮತ್ತು ಪಾಠದ ಹೊರೆಯ ನಡುವೆ ಸಂಶೋಧನೆಗೆ ಜೀವ ಉಳಿದಿರುತ್ತದೆಯೇ. ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಕಂಡುಂಡದ್ದನ್ನು ಬರೆಯುತ್ತಿದ್ದೇನೆ.

ದಾರಿಯ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಎಂ.ಎಸ್ಸಿ. ಆದ ಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಬೇಕು. ಅದರಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ದೊರೆತರೆ, 2023ರ ಪರಿಷ್ಕರಣೆಯಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಸಿಗುತ್ತದೆ. ಪಿಎಚ್.ಡಿ. ಮುಗಿಯಲು ಐದು ವರ್ಷವಾದರೂ ಹಿಡಿಯುತ್ತದೆ ಎಂದು ಮನೆಯವರಿಗೆ ಮೊದಲೇ ತಿಳಿಸಿಡಿ. ಆಮೇಲೆ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ), ಸಹಾಯಕ ಪ್ರಾಧ್ಯಾಪಕ ಹುದ್ದೆ, ಮುಂದೆ ಬಡ್ತಿಗಳು. ಇದರಲ್ಲಿ ಅತಿ ಕಷ್ಟದ್ದು ಓದಲ್ಲ, ಕಾಯುವುದು. ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿದು, ಸಮರ್ಥರಾದ ಎಷ್ಟೋ ಯುವಕ ಯುವತಿಯರು ಅತಿಥಿ ಉಪನ್ಯಾಸಕರಾಗಿಯೇ ದಿನ ದೂಡುವುದನ್ನು ನೋಡಿದ್ದೇನೆ. ಅದು ಈಗಲೂ ನನ್ನನ್ನು ನೋಯಿಸುತ್ತದೆ.

ಎರಡನೆಯ ಪ್ರಶ್ನೆಗೆ ಬರೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಪ್ರಾಧ್ಯಾಪಕರು 14 ಗಂಟೆ ಪಾಠ ಮಾಡಬೇಕು. ಸಿದ್ಧತೆ, ಮೌಲ್ಯಮಾಪನ, ಸಭೆಗಳು ಸೇರಿದರೆ ಸಂಶೋಧನೆಗೆ ಉಳಿಯುವುದು ಸಂಜೆ ಮತ್ತು ರಜೆ. ಇಷ್ಟಾದರೂ ಪಾಠವು ಸಂಶೋಧನೆಯ ಹೊತ್ತನ್ನು ತಿನ್ನುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಸಂಶೋಧನೆಗೆ ದಾರಿ ತೋರಿದ್ದೇ ಪಾಠ.

ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಸೀಸಿಯಂ-137 ಎಂಬ ವಿಕಿರಣಶೀಲ ಮೂಲದ ಗಾಮಾ ಕಿರಣಗಳು ಸೀಸದ ಹಾಳೆಗಳಲ್ಲಿ ಎಷ್ಟು ಹೀರಲ್ಪಡುತ್ತವೆ ಎಂದು ಅಳೆಯುವ ಪ್ರಯೋಗವಿತ್ತು. ಹಾಳೆಗಳನ್ನು ಒಂದೊಂದಾಗಿ ಸೇರಿಸುತ್ತ, ವಿಕಿರಣವನ್ನು ಎಣಿಸುವ ಗೈಗರ್ ಕೌಂಟರಿನ ಎಣಿಕೆಯ ಲಾಗರಿದಮ್ಮನ್ನು ದಪ್ಪಕ್ಕೆ ಎದುರಾಗಿ ಗುರುತಿಸಿದರೆ ಸರಳರೇಖೆ ಬರಬೇಕು. ಒಬ್ಬ ವಿದ್ಯಾರ್ಥಿನಿಯ ಗ್ರಾಫ್ ಮಾತ್ರ ಕೊನೆಯಲ್ಲಿ ಮೇಲಕ್ಕೆ ಬಾಗಿತ್ತು. ಹಿನ್ನೆಲೆ ವಿಕಿರಣದ ಎಣಿಕೆಯನ್ನು ಕಳೆದಿಲ್ಲ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಅವಳು ಅದನ್ನೂ ಕಳೆದು, ಮತ್ತೆ ಬಾಗಿದ ರೇಖೆಯನ್ನೇ ತಂದು ನನ್ನ ಮೇಜಿನ ಮೇಲಿಟ್ಟಳು. ಅಂದು ಸಂಜೆ ಇಬ್ಬರೂ ಉಪಕರಣದ ಮುಂದೆ ಕುಳಿತಾಗ, ಮೂಲಕ್ಕೂ ಕೌಂಟರಿಗೂ ನಡುವೆ ಇರಬೇಕಾದ ಕಾಲಿಮೇಟರ್ (ನೇರ ಬರುವ ಕಿರಣಗಳನ್ನಷ್ಟೇ ಬಿಡುವ ಕಿಂಡಿ) ಇಲ್ಲದಿರುವುದು ಕಂಡಿತು. ಸೀಸದೊಳಗೆ ಚದುರಿ ಶಕ್ತಿ ಕಳೆದುಕೊಂಡ ಫೋಟಾನ್‌ಗಳೂ (ಗಾಮಾ ಕಿರಣದ ಕಣಗಳು) ಕೌಂಟರನ್ನು ಹೊಗುತ್ತಿದ್ದವು. ಶಕ್ತಿಯ ವ್ಯತ್ಯಾಸ ತಿಳಿಯದ ಗೈಗರ್ ಕೌಂಟರ್ ಅವುಗಳನ್ನೂ ಎಣಿಸುತ್ತಿತ್ತು. ಹಾಳೆ ದಪ್ಪವಾದಷ್ಟೂ ಚದುರಿ ಬಂದವುಗಳ ಪಾಲು ಹೆಚ್ಚುತ್ತಿತ್ತು. ರಂಧ್ರವಿರುವ ಸೀಸದ ಇಟ್ಟಿಗೆಯೊಂದನ್ನು ನಡುವೆ ಇಟ್ಟೊಡನೆ ರೇಖೆ ನೆಟ್ಟಗಾಯಿತು. ನಾವು ತಡೆದು ಹೊರಗಿಟ್ಟ ಆ ಚದುರಿದ ಕಿರಣಗಳು ಬೇರೆ ಬೇರೆ ವಸ್ತುಗಳಲ್ಲಿ ಹೇಗೆ ಬದಲಾಗುತ್ತವೆ ಎಂಬುದೇ ನನ್ನ ಮುಂದಿನ ಹಲವು ವರ್ಷಗಳ ಸಂಶೋಧನೆಯಾಯಿತು.

ನಮ್ಮ ವಿಭಾಗದಲ್ಲಿ ದೊಡ್ಡ ಯಂತ್ರಗಳಿರಲಿಲ್ಲ. ಹಾಗೆಂದು ಕೆಲಸ ನಿಲ್ಲಬೇಕಾಗಿಲ್ಲ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ಖಗೋಳವಿಜ್ಞಾನಕ್ಕೆ ಮೀಸಲಾದ ಪುಣೆಯ ಐಯುಕಾ ಇವು ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆಂದೇ ಕಟ್ಟಿದ ಸಂಸ್ಥೆಗಳು. ದೆಹಲಿಯ ಕೇಂದ್ರದಲ್ಲಿ ಪ್ರಸ್ತಾವನೆ ಒಪ್ಪಿಗೆಯಾದರೆ ಬೀಮ್ ಟೈಮ್, ಅಂದರೆ ವೇಗವರ್ಧಕವನ್ನು ಬಳಸುವ ಸಮಯ, ಕೊಡುತ್ತಾರೆ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಹಗಲಿರುಳು ಅಳೆದು ಬರಬಹುದು. ವಿಶ್ವವಿದ್ಯಾಲಯದಲ್ಲೇ ದೊಡ್ಡ ಸಂಶೋಧನೆ ಬೆಳೆದದ್ದಕ್ಕೆ ಉದಾಹರಣೆಯೂ ಇದೆ: ಎಸ್. ಚಂದ್ರಶೇಖರ್ (ಶಿವರಾಮಕೃಷ್ಣ ಚಂದ್ರಶೇಖರ್; ನೊಬೆಲ್ ಪಡೆದ ಖಗೋಳವಿಜ್ಞಾನಿಯಲ್ಲ) ಅವರು 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಬಂದು, ದ್ರವಸ್ಫಟಿಕಗಳ (ದ್ರವದಂತೆ ಹರಿದರೂ ಅಣುಗಳು ಒಂದು ಕ್ರಮದಲ್ಲಿ ನಿಲ್ಲುವ ವಸ್ತುಗಳ) ಅಧ್ಯಯನವನ್ನು ಬೆಳೆಸಿದ್ದು ಅಲ್ಲಿಯೇ. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ಅವರ ತಂಡ 1977ರಲ್ಲಿ ಜಗತ್ತಿಗೆ ತೋರಿಸಿದ್ದಕ್ಕೆ ಆ ಮೈಸೂರಿನ ವರ್ಷಗಳ ಬುನಾದಿಯಿತ್ತು ಎಂಬುದು ನನ್ನ ನಂಬಿಕೆ.

ಪಿಎಚ್.ಡಿ.ಗೆ ಗೈಡ್ ಆರಿಸಿಕೊಳ್ಳುವ ಮೊದಲು ಅವರ ಪ್ರಯೋಗಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಪ್ರಕಟಣೆಗಳ ಪಟ್ಟಿಯನ್ನು ಆಮೇಲೆ ನೋಡಿದರಾಯಿತು. ಉಪಕರಣಗಳ ಮೇಲೆ ಧೂಳಿದೆಯೇ, ಹಿರಿಯ ಸಂಶೋಧನಾ ವಿದ್ಯಾರ್ಥಿಗಳು ಅವರನ್ನು ಅಳುಕಿಲ್ಲದೆ ಪ್ರಶ್ನೆ ಕೇಳುತ್ತಾರೆಯೇ, ಅವರು ಈಗಲೂ ಪ್ರಾಕ್ಟಿಕಲ್ ತರಗತಿಗೆ ತಾವೇ ಹೋಗುತ್ತಾರೆಯೇ ಎಂದು ಗಮನಿಸಿ.