ಹಗಲಲ್ಲಿ ತೋರಿಸಿದ ಅರುಂಧತಿ

ಪ್ರಶ್ನೆ: ಹೋದ ಮೇ ತಿಂಗಳಲ್ಲಿ ನಮ್ಮ ಮದುವೆ ಆಯಿತು. ಧಾರೆ ಮುಗಿದ ಮೇಲೆ, ಹನ್ನೊಂದೂವರೆಗೆ, ಪುರೋಹಿತರು ಛತ್ರದ ಹೊರಗೆ ಕರೆದುಕೊಂಡು ಹೋಗಿ ಆಕಾಶದ ಕಡೆ ಕೈ ತೋರಿಸಿ ‘ಅರುಂಧತಿ ಕಾಣಿಸ್ತೇನಮ್ಮಾ?’ ಎಂದರು. ಸುಡು ಬಿಸಿಲು. ಸುಮ್ನೆ ‘ಹೂಂ’ ಅಂದುಬಿಟ್ಟೆ. ಅಂಥ ನಕ್ಷತ್ರ ನಿಜವಾಗಿ ಇದೆಯಾ ಸರ್?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇದೆಯಮ್ಮಾ. ನೀವೊಬ್ಬರೇ ಅಲ್ಲ, ನಾನೂ ‘ಹೂಂ’ ಅಂದವನೇ. ಆಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ ಬೇರೆ! ನಮ್ಮದೂ ಮೇ ತಿಂಗಳ ಮದುವೆ. ಬಹಳ ದಿನ ಆದ ಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮ ಕಡೆ ಮೇ ತಿಂಗಳಲ್ಲಿ ಅರುಂಧತಿ ಹುಟ್ಟುವುದೇ ಮಧ್ಯಾಹ್ನ ಮೂರರ ಸುಮಾರಿಗೆ. ಹನ್ನೊಂದೂವರೆಗೆ ಅವಳು ದಿಗಂತದ ಕೆಳಗಿರುತ್ತಾಳೆ. ಪುರೋಹಿತರು ಸರಿಯಾಗಿ ತೋರಿಸಬೇಕಿದ್ದರೆ ನೆಲದ ಕಡೆ ಕೈ ಮಾಡಬೇಕಿತ್ತು!

ಈಗ ನೋಡುವ ದಾರಿ ಹೇಳುತ್ತೇನೆ. ಏಪ್ರಿಲ್ ಕೊನೆಯಲ್ಲಿ, ಚಂದ್ರ ಇಲ್ಲದ ರಾತ್ರಿ, ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕವುಚಿ ಹಾಕಿದ ದೊಡ್ಡ ಸೌಟಿನ ಹಾಗೆ ಏಳು ನಕ್ಷತ್ರ ಕಾಣುತ್ತವೆ, ಹಿಡಿ ಬಲಗಡೆಗೆ. ಅದೇ ಸಪ್ತರ್ಷಿ ಮಂಡಲ. ಬಟ್ಟಲಲ್ಲಿ ಕ್ರತು, ಪುಲಹ, ಪುಲಸ್ತ್ಯ, ಅತ್ರಿ. ಹಿಡಿಯಲ್ಲಿ ಅಂಗಿರಸ, ವಸಿಷ್ಠ, ತುದಿಗೆ ಮರೀಚಿ. ಹಿಡಿಯ ನಡುವಿನ ವಸಿಷ್ಠನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ. ಪಕ್ಕದಲ್ಲಿ ಅಂಟಿಕೊಂಡ ಹಾಗೆ ಒಂದು ಮಂಕು ಚುಕ್ಕಿ ಇದೆಯಲ್ಲ, ಅವಳೇ ಅರುಂಧತಿ. ಇಬ್ಬರ ನಡುವಿನ ಜಾಗ ಹುಣ್ಣಿಮೆ ಚಂದ್ರನ ಅರ್ಧ ಅಗಲಕ್ಕಿಂತಲೂ ಕಡಿಮೆ. ದೊಡ್ಡದನ್ನು ಮೊದಲು ತೋರಿಸಿ ಆಮೇಲೆ ಚಿಕ್ಕದಕ್ಕೆ ಕರೆದೊಯ್ಯುವ ಈ ಉಪಾಯಕ್ಕೆ ಹಳಬರು ‘ಅರುಂಧತೀ ನ್ಯಾಯ’ ಅಂತ ಹೆಸರಿಟ್ಟಿದ್ದಾರೆ.

ನಾವಿಬ್ಬರು ನೋಡಿದ್ದು ಮದುವೆಯಾಗಿ ಹನ್ನೊಂದು ವರ್ಷಕ್ಕೆ. ಆಲ್ದೂರಿನ ಹತ್ತಿರ ನಮ್ಮ ಭಾವನವರ ಕಾಫಿ ಕಣದಲ್ಲಿ. ಹಿಂದಿನ ವಾರ ಹೂಮಳೆ ಬಿದ್ದಿತ್ತು. ಧೂಳೆಲ್ಲ ತೊಳೆದು ಹೋಗಿ ಆಕಾಶ ಕನ್ನಡಿ ಹಾಗಿತ್ತು, ತೋಟದ ತುಂಬ ಕಾಫಿ ಹೂವಿನ ಘಮ. ‘ಅಲ್ಲಿದೆ ನೋಡಿ’ ಅಂತ ನಮ್ಮ ಮನೆಯವರು ತಕ್ಷಣ ಹೇಳಿದರು. ನನಗೆ ಕಾಣಲಿಲ್ಲ. ಈ ಸಲ ‘ಹೂಂ’ ಅನ್ನಲಿಲ್ಲ, ಮಾರನೇ ವಾರ ಹೋಗಿ ಕನ್ನಡಕದ ನಂಬರ್ ಬದಲಾಯಿಸಿಕೊಂಡು ಬಂದೆ. ಅರಬರಲ್ಲೂ ಈ ಜೋಡಿಯನ್ನು ನೋಡಿ ಕಣ್ಣು ಪರೀಕ್ಷೆ ಮಾಡಿಕೊಳ್ಳುವ ರೂಢಿ ಇತ್ತಂತೆ.

ದೂರದರ್ಶಕದಲ್ಲಿ ಇನ್ನೊಂದು ಮಜಾ ಇದೆ. ವಸಿಷ್ಠ ಒಂಟಿಯಲ್ಲ, ಎರಡು ನಕ್ಷತ್ರ. ಆ ಎರಡೂ ಮತ್ತೆ ಎರಡೆರಡು. ಅರುಂಧತಿಗೂ ಒಂದು ಪುಟ್ಟ ಜೊತೆ ಇರುವುದು 2009ರಲ್ಲಿ ಗೊತ್ತಾಯಿತು. ಒಟ್ಟು ಆರು. 80 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೂಡು ಕುಟುಂಬ ಅನ್ನಿ.

ಉಳಿದ ಋಷಿಗಳ ಪಕ್ಕ ಯಾಕೆ ಯಾರೂ ಇಲ್ಲ? ಮಹಾಭಾರತದ ವನಪರ್ವದಲ್ಲಿ ಕಥೆ ಇದೆ. ಅಗ್ನಿ ಋಷಿಪತ್ನಿಯರಿಗೆ ಮನಸೋತ. ಅಗ್ನಿಯನ್ನು ಬಯಸಿದ್ದ ಸ್ವಾಹಾದೇವಿ ಒಬ್ಬೊಬ್ಬರ ರೂಪ ತಾಳಿ ಅವನ ಬಳಿಗೆ ಹೋದಳು. ಆರು ರೂಪ ಬಂತು, ಅರುಂಧತಿಯ ರೂಪ ಮಾತ್ರ ಬರಲಿಲ್ಲ. ಸುದ್ದಿ ಹರಡಿತು. ಆರು ಋಷಿಗಳು ಹೆಂಡತಿಯರನ್ನು ಬಿಟ್ಟುಬಿಟ್ಟರು. ಆ ಆರು ಜನ ಕೃತ್ತಿಕೆಯರಾದರು. ಏಪ್ರಿಲ್ ಮೊದಲ ವಾರಗಳಲ್ಲಿ ಸಂಜೆ ಎಂಟಕ್ಕೆ ಪಶ್ಚಿಮದಲ್ಲಿ ಕೃತ್ತಿಕೆ ಇಳಿಯುತ್ತಿರುತ್ತಾರೆ, ಈಶಾನ್ಯದಲ್ಲಿ ಗಂಡಂದಿರು ಏರುತ್ತಿರುತ್ತಾರೆ. ‘ಏನೂ ತಪ್ಪು ಮಾಡದವರನ್ನ ಆಚೆ ಹಾಕಿ, ಈ ಏಳು ಜನ ಎಷ್ಟು ಗತ್ತಿನಲ್ಲಿ ಕೂತಿದಾರೆ ನೋಡಿ’ ಎಂದರು ನಮ್ಮ ಮನೆಯವರು. ‘ಏಳಲ್ಲ, ಆರು. ವಸಿಷ್ಠರನ್ನ ಬಿಡು’ ಎಂದೆ. ಅಷ್ಟು ಬಿಟ್ಟರೆ ನನ್ನ ಬಳಿಯೂ ಉತ್ತರ ಇರಲಿಲ್ಲ.

ಪ್ರಶ್ನೆ: ಧ್ರುವ ನಕ್ಷತ್ರ ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತದೆ ಅಂತಾರೆ. ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ಹೊಳಪು ನೋಡಿ ಹುಡುಕಿದರೆ ಸಿಗುವುದೇ ಇಲ್ಲ. ಧ್ರುವ ಸಾಧಾರಣ ಹೊಳಪಿನವನು. ಅವನ ಹೆಚ್ಚುಗಾರಿಕೆ ಅಲುಗಾಡದೆ ಇರುವುದು. ಮಲತಾಯಿ ಸುರುಚಿ ಅಪ್ಪನ ತೊಡೆಯಿಂದ ಇಳಿಸಿದ್ದಕ್ಕೆ, ಯಾರೂ ಇಳಿಸಲಾಗದ ಜಾಗ ಬೇಕು ಅಂತ ತಪಸ್ಸು ಮಾಡಿದ ಹುಡುಗ ಅಲ್ವಾ?

ಸೌಟಿನ ಬಟ್ಟಲಿನ ಹೊರಗಿನ ಎರಡು ನಕ್ಷತ್ರ ಪುಲಹ, ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಹಾಗೇ ಅದರ ಐದರಷ್ಟು ಮುಂದೆ ಹೋಗಿ. ನಿಮ್ಮೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವನೂ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲೆ. ಕೈ ಚಾಚಿ ಹಿಡಿದರೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ತೋಟದೊಳಗೆ ನಿಂತರೆ ಸಿಲ್ವರ್ ಓಕ್ ಮರಗಳೇ ಅವನನ್ನು ಮುಚ್ಚಿಬಿಡುತ್ತವೆ. ಉತ್ತರಕ್ಕೆ ಬಯಲಿರುವ ಕಣವೋ ಗದ್ದೆಯೋ ನೋಡಿಕೊಳ್ಳಿ. ಹಾಗೇ, ಕಣದ ದೀಪ ಆರಿಸಿ ಹತ್ತು ನಿಮಿಷ ಸುಮ್ಮನೆ ನಿಂತು ಆಮೇಲೆ ತಲೆ ಎತ್ತಿ.