ಕಾರಿನಲ್ಲಿಟ್ಟ ಕ್ಯಾಮೆರಾ, ಲೆನ್ಸ್ ಕಳುವಾಗದಂತೆ ನೋಡಿಕೊಳ್ಳುವುದು ಹೇಗೆ?

ಬ್ಯಾಗ್ ಹೊರಗಿನಿಂದ ಕಾಣಬಾರದು, ಅದನ್ನು ಬಚ್ಚಿಡುವುದನ್ನೂ ಯಾರೂ ನೋಡಬಾರದು. ಜಾಸ್ತಿ ಜನ ಮರೆಯುವುದು ಎರಡನೆಯದನ್ನೇ. ಚಿತ್ರದುರ್ಗದ ಕೋಟೆಯಲ್ಲಿ ಶೂಟಿಂಗ್ ಮುಗಿಸಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಗಾಡಿ ನಿಲ್ಲಿಸುತ್ತೀರಿ. ಹೋಟೆಲ್ ಮುಂದೆಯೇ ಡಿಕ್ಕಿ ತೆಗೆದು, ಹಿಂದಿನ ಸೀಟಿನಲ್ಲಿದ್ದ ಬ್ಯಾಗು, ಟ್ರೈಪಾಡು ಎಲ್ಲ ತುರುಕಿ ಒಳಗೆ ಹೋದರೆ, ನೋಡುತ್ತಾ ನಿಂತವನಿಗೆ ಇನ್ನೇನು ಬೇಕು? ಕೋಟೆ ಬಿಡುವಾಗಲೇ ಡಿಕ್ಕಿಗೆ ಹಾಕಿ ಹೊರಡಿ.

ಲಾಕ್ ಮಾಡಿದ್ದೇನಲ್ಲ ಅಂತೀರಾ? ಬಹುತೇಕ ಕಾರುಗಳ ಪಕ್ಕದ ಕಿಟಕಿಗೆ ಟಫನ್ಡ್ ಗಾಜು ಇರುತ್ತದೆ. ಅಪಘಾತದಲ್ಲಿ ಚೂಪು ಚೂರುಗಳು ಚುಚ್ಚಬಾರದೆಂದು ಹದ ಮಾಡಿದ ಗಾಜು ಅದು. ಒಂದು ಕಡೆ ಒಡೆದರೆ ಸಾಕು, ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗಿ ಉದುರುತ್ತದೆ.

ಎಸ್‌ಯುವಿಯಲ್ಲಿ ಡಿಕ್ಕಿಯೂ ಗಾಜಿನಿಂದ ಕಾಣುತ್ತದೆ. ಕಪ್ಪು ಬಟ್ಟೆ ಹೊದಿಸಿ. ಜೊತೆಗೆ ಹುಡುಗರಿದ್ದರೆ ಸರದಿ ಮೇಲೆ ಊಟ ಮಾಡಿ, ಅದಕ್ಕಿಂತ ಒಳ್ಳೆಯ ಬೀಗ ಇಲ್ಲ. ಮೆಮೊರಿ ಕಾರ್ಡ್ ಮಾತ್ರ ಜೇಬಿನಲ್ಲೇ ಇರಲಿ. ಕ್ಯಾಮೆರಾ ಮತ್ತೆ ಕೊಳ್ಳಬಹುದು, ಕಳೆದ ಫೋಟೊಗಳಿಗಾಗಿ ಮದುವೆ ಮತ್ತೆ ಮಾಡಿಸೋಕಾಗಲ್ಲ ಅಲ್ವಾ!

ಕಾರಿನ ವಿಮೆ ಸಾಮಾನ್ಯವಾಗಿ ಒಳಗಿಟ್ಟ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಬೇರೆಯೇ ವಿಮೆ ಮಾಡಿಸಿ, ಗಾಡಿಯಲ್ಲಿ ಬಿಟ್ಟುಹೋದಾಗ ಕಳುವಾದರೆ ದುಡ್ಡು ಕೊಡುತ್ತಾರಾ ಎಂದು ಮೊದಲೇ ಕೇಳಿ. ಸೀರಿಯಲ್ ನಂಬರುಗಳ ಫೋಟೊ ಮೊಬೈಲಿನಲ್ಲಿರಲಿ, ಪೊಲೀಸ್ ದೂರಿಗೆ ಬೇಕಾಗುತ್ತದೆ.